ತಪ್ಪನ್ನು ಮೇಲ್ಮಡಿಕೆಗೆ ಹಾಕುತ್ತಿದ್ದವನು

ಅವನ ಹೆಸರು ಬರೆಯಬೇಡಿ ಎಂದು ಅವನ ಹೆಂಡತಿ ಕೇಳಿಕೊಂಡಿದ್ದಾಳೆ. ಮಗಳ ಮದುವೆ ಇನ್ನೂ ಆಗಬೇಕು, ರೋಗದ ಹೆಸರನ್ನೂ ಬರೆಯಬೇಡಿ ಎಂದಳು. ಮೊದಲನೆಯದಕ್ಕೆ ಒಪ್ಪಿದ್ದೇನೆ. ಎರಡನೆಯದಕ್ಕೆ ಮಗಳನ್ನೇ ಕೇಳಿದೆ. "ಬರೀರಿ ಆಂಟಿ, ನನ್ ಹೆಸ್ರು ಬೇಕಾದ್ರೂ ಹಾಕಿ" ಎಂದಳು. ಆದ್ದರಿಂದ ಬರೆಯುತ್ತಿದ್ದೇನೆ: ರೋಗ ಹೊಟ್ಟೆಯ ಕ್ಯಾನ್ಸರ್. ಪತ್ತೆಯಾಗುವ ಹೊತ್ತಿಗೆ ಎರಡೂ ಶ್ವಾಸಕೋಶಗಳಿಗೆ ಹರಡಿತ್ತು. ಅದನ್ನು ಅವನಿಂದ ಮುಚ್ಚಿಟ್ಟು ಅವನ ದಿನಗಳನ್ನು ನಾವೇ ತಿಂದೆವು. ಸತ್ತಮೇಲೂ ಮುಚ್ಚಿಡುವ ಕೆಲಸದಲ್ಲಿ ನಾನು ಪಾಲುಗಾರ್ತಿಯಲ್ಲ.

ನಾನು ಮೂವತ್ತನಾಲ್ಕು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು. ನಿವೃತ್ತಿಯಾಗಿ ಹನ್ನೆರಡು ವರ್ಷವಾದರೂ ನಾಲ್ಕೂಮುಕ್ಕಾಲಿಗೆ ಏಳುತ್ತೇನೆ, ಐದೂವರೆಗೆ ಬಟ್ಟೆ ಒಣಹಾಕುತ್ತೇನೆ, ಹಾಸಿಗೆಯ ಹೊದಿಕೆಯ ನಾಲ್ಕೂ ಮೂಲೆಗಳನ್ನು ವಾರ್ಡಿನಲ್ಲಿ ಮಡಿಸಿದ ಹಾಗೆಯೇ ಮಡಿಸುತ್ತೇನೆ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗವಿಲ್ಲದ ಮನೆ ನನ್ನದೊಂದೇ. ಪಕ್ಕದ ಮನೆ ಅವನದು. ಮಧ್ಯೆ ಒಂದೇ ಗೋಡೆ. ಗೋಡೆಯ ಆಚೆ ನಾಲ್ಕು ಪವರ್‌ಲೂಮ್.

ನಮ್ಮ ಪರಿಚಯ ಜಗಳದಿಂದ ಶುರುವಾಯಿತು. ನಾನು ಆ ಮನೆಗೆ ಬಂದ ಮೂರನೆಯ ದಿನ ಬೆಳಗ್ಗೆ ಐದಕ್ಕೇ ಮಗ್ಗಗಳು ಹೊಡೆದುಕೊಳ್ಳತೊಡಗಿದವು. ಪ್ರಾರ್ಥನೆ ಅರ್ಧಕ್ಕೆ ನಿಲ್ಲಿಸಿ ಹೋಗಿ ಬಾಗಿಲಲ್ಲಿ ನಿಂತೆ.

"ಏನಪ್ಪಾ, ನನ್ನ ದೇವರು ನನ್ನ ಮಾತು ಕೇಳ್ಬೇಕೋ, ನಿನ್ನ ಮಗ್ಗದ ಮಾತು ಕೇಳ್ಬೇಕೋ?"

"ನಿಮ್ ದೇವ್ರ ಕಿವಿ ಗಟ್ಟಿ ಇರ್ತದೆ ಬಿಡಿ ಸಿಸ್ಟರಮ್ಮ," ಎಂದ. "ನಮ್ ಗಿರಾಕೀದು ಬಾಯಿ ಗಟ್ಟಿ. ಸೀರೆ ತಡ ಆದ್ರೆ ಚಿಕ್ಕಪೇಟೆಯಿಂದ್ಲೇ ಕೂಗ್ತಾನೆ, ಇಲ್ಲೀಗಂಟ ಕೇಳ್ತದೆ."

ಮಾರನೆಯ ದಿನದಿಂದ ಆರೂವರೆಗೆ ಮಗ್ಗ. ಒಂದು ನಿಮಿಷ ಮುಂಚೆ ಇಲ್ಲ. ಕೇಳಿದರೆ, "ನೀವು ಗಡಿಯಾರ ನುಂಗ್ಕೊಂಡು ಹುಟ್ಟಿದೋರು, ನಿಮ್ ಹತ್ರ ಏನ್ ವಾದ" ಎನ್ನುತ್ತಿದ್ದ. ನನಗಿಂತ ಹನ್ನೊಂದು ವರ್ಷ ಚಿಕ್ಕವನು. ಏಕವಚನದಲ್ಲೇ ಮಾತಾಡಿಸುತ್ತಿದ್ದೆ, ಈಗಲೂ ಹಾಗೆಯೇ ಬರೆಯುತ್ತೇನೆ.

ಕುಳ್ಳಗೆ, ಗಟ್ಟಿಮುಟ್ಟಾಗಿದ್ದ. ಜೇಬಿನಲ್ಲಿ ಸದಾ ಒಂದು ಚಿಕ್ಕ ಕತ್ತರಿ, ತಲೆಯ ಮೇಲೆ ಹತ್ತಿಯ ನೊರೆಯಂಥ ಧೂಳು. ನಾಲ್ಕು ಮಗ್ಗ ಒಟ್ಟಿಗೆ ಓಡುತ್ತಿರುವಾಗ ಅಂಗಳದಲ್ಲಿ ನಿಂತು ನನ್ನ ಜೊತೆ ಮಾತಾಡುತ್ತಿದ್ದವನು ತಟ್ಟನೆ ತಲೆಯೆತ್ತಿ, "ಮೂರನೇದ್ರಲ್ಲಿ ಎಳೆ ಹೋಯ್ತು" ಎಂದು ಒಳಗೆ ಓಡುತ್ತಿದ್ದ. ಆ ಗದ್ದಲದಲ್ಲಿ ನನಗೆ ನನ್ನ ಮಾತೇ ಕೇಳಿಸುತ್ತಿರಲಿಲ್ಲ. ಅವನಿಗೆ ಒಂದು ದಾರ ಕಡಿದದ್ದು ಕೇಳಿಸುತ್ತಿತ್ತು. ನಾನು ನಂಬದೆ ಎರಡು ಸಲ ಹಿಂದೆಯೇ ಹೋಗಿ ನೋಡಿದ್ದೇನೆ. ಎರಡು ಸಲವೂ ಮೂರನೆಯ ಮಗ್ಗವೇ.

ಅವನನ್ನು ಬೀದಿಯ ಉಳಿದ ನೇಕಾರರಿಂದ ಬೇರೆ ಮಾಡುತ್ತಿದ್ದದ್ದು ಸೀರೆ ಮಡಿಸುವ ರೀತಿ. ಎಲ್ಲಾದರೂ ಎಳೆ ತಪ್ಪಿ ಗೆರೆ ಬಿದ್ದಿದ್ದರೆ, ಆ ಜಾಗ ಒಳಮಡಿಕೆಗೆ ಹೋಗುವ ಹಾಗೆ ಮಡಿಸುವುದು ಎಲ್ಲರ ಕೈಗೂ ಬಂದ ವಿದ್ಯೆ. ಕೊಳ್ಳುವವನು ಅವಸರದಲ್ಲಿದ್ದರೆ ಹಾಗೆಯೇ ದಾಟಿಹೋಗುತ್ತದೆ. ಇವನು ಆ ಗೆರೆಯನ್ನು ಮೇಲ್ಮಡಿಕೆಗೆ ತಂದು, ಅದರ ಪಕ್ಕ ಬಣ್ಣದ ದಾರ ಕಟ್ಟಿ ಇಡುತ್ತಿದ್ದ. ಚಿಕ್ಕಪೇಟೆಯಿಂದ ಬಂದಿದ್ದ ವ್ಯಾಪಾರಿ ಒಮ್ಮೆ ನನ್ನೆದುರೇ ನಕ್ಕ. "ಏನ್ ಗುರು, ನೀನೇ ತೋರಿಸ್ಬಿಟ್ರೆ ನಾನ್ ಹುಡುಕೋದೇನು?"

"ನೀನ್ ಹುಡ್ಕಿದ್ರೆ ಅದು ಕಳ್ತನ ಆಯ್ತದೆ," ಎಂದ ಇವನು. "ನಾನ್ ತೋರಿಸಿದ್ರೆ ಬರೀ ತಪ್ಪು."

ಒಳಗಿನಿಂದ ಹೆಂಡತಿ ಗೊಣಗಿದಳು, "ಊರಿಗೊಬ್ಬರೇ ಹರಿಶ್ಚಂದ್ರ ಇವ್ರು." ಅವಳು ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರೆಯುವಾಗ ನನಗೆ ಅಷ್ಟು ತಾಳ್ಮೆ ಉಳಿಯುವುದಿಲ್ಲ.

ಅವನು ಕೂತು ಉಂಡದ್ದನ್ನು ನಾನು ಹಬ್ಬದ ದಿನಗಳಲ್ಲಿ ಮಾತ್ರ ನೋಡಿದ್ದು. ಉಳಿದ ದಿನ ಎಡಗೈಯಲ್ಲಿ ತಟ್ಟೆ, ಕಣ್ಣು ಮಗ್ಗದ ಮೇಲೆ, ನಿಂತೇ ಮುದ್ದೆ ನುಂಗುವುದು. ಆಮೇಲೆ ಜೇಬಿಗೆ ಕೈಹಾಕಿ ಕತ್ತರಿಯ ಪಕ್ಕದಿಂದ ಒಂದು ಮಾತ್ರೆ ತೆಗೆದು ಬಾಯಿಗೆ. ಮೂಲೆಯ ಮೆಡಿಕಲ್ ಅಂಗಡಿಯಲ್ಲಿ "ಗ್ಯಾಸ್‌ಗೆ ಕೊಡಿ" ಎಂದರೆ ಸಾಕು, ಎಷ್ಟು ದಿನದಿಂದ ಎಂದು ಕೇಳದೆ ಕತ್ತರಿಸಿ ಕೊಡುತ್ತಾರೆ. ನಮ್ಮ ಊರಿನಲ್ಲಿ ಎದೆ ನೋವೂ ಗ್ಯಾಸ್ಟ್ರಿಕ್, ಬೆನ್ನು ನೋವೂ ಗ್ಯಾಸ್ಟ್ರಿಕ್, ಸಾಯುವುದೂ ಗ್ಯಾಸ್ಟ್ರಿಕ್.

ಯುಗಾದಿಯ ಹೊತ್ತಿಗೆ ಅವನ ಅಂಗಿ ಭುಜದಿಂದ ಜಾರುತ್ತಿತ್ತು. ಎರಡು ತುತ್ತಿಗೇ ಹೊಟ್ಟೆ ತುಂಬುತ್ತದೆ ಎಂದ. ನಾನು ಗದರಿದೆ. "ನಾಳೇನೇ ಹೋಗಿ ಎಂಡೋಸ್ಕೋಪಿ ಮಾಡಿಸ್ಕೋ."

"ವರಮಾಲಕ್ಷ್ಮಿ ಹಬ್ಬ ಮುಗೀಲಿ ಸಿಸ್ಟರಮ್ಮ. ಈಗ ಮಗ್ಗ ನಿಲ್ಸಿದ್ರೆ ಹಬ್ಬಕ್ಕೆ ಸೀರೆ ಹೋಗಲ್ಲ. ಆಮೇಲೆ ನೀವ್ ಹೇಳಿದ್ ಕಡೆ ಬತ್ತೀನಿ, ಪೈಪಾದ್ರೂ ಹಾಕ್ಸಿ, ಕೊಳವೆಬಾವೀನಾದ್ರೂ ಕೊರೆಸಿ."

ನಕ್ಕೆ. ಅದೇ ನನ್ನ ತಪ್ಪು. ಇನ್ನೊಂದು ಸಲ ಹೇಳಿದೆ, ಮೂರನೆಯ ಸಲ ಹೇಳಲಿಲ್ಲ. ವಾರ್ಡಿನಲ್ಲಿ ರೋಗಿ ಮಾತ್ರೆ ನುಂಗುವವರೆಗೆ ಮಂಚದ ಪಕ್ಕದಿಂದ ಕದಲದ ಹೆಂಗಸು ನಾನು. ಪಕ್ಕದ ಮನೆಯವನ ವಿಷಯಕ್ಕೆ ಬಂದಾಗ ಮರ್ಯಾದೆ ನೋಡಿಕೊಂಡು ಸುಮ್ಮನಾದೆ.

ಹಬ್ಬ ಮುಗಿಯಿತು. ಸೀರೆಗಳು ಹೋದವು. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಎಂಡೋಸ್ಕೋಪಿ, ಆಮೇಲೆ ಸ್ಕ್ಯಾನ್. ವರದಿ ಬಂದ ದಿನ ಸಂಜೆ ಅವನ ಹೆಂಡತಿ, ಮಗಳು, ಹೆಂಡತಿಯ ಅಣ್ಣ ಮೂವರೂ ನನ್ನ ಮನೆಗೆ ಬಂದರು. ಮಗಳು ಸೋಂಪುರದ ಕಾರ್ಖಾನೆಯಲ್ಲಿ ತಯಾರಾದ ಸಾಮಾನು ಪರೀಕ್ಷಿಸುವ ಕೆಲಸದಲ್ಲಿದ್ದಾಳೆ. ಇಂಗ್ಲಿಷಿನಲ್ಲಿದ್ದ ವರದಿಯನ್ನು ದಾರಿಯಲ್ಲೇ ಓದಿಕೊಂಡಿದ್ದಳು, ಮುಖ ಬಿಳಿಚಿತ್ತು. ಭಾವಮೈದ ಬಾಗಿಲು ಹಾಕಿಕೊಂಡ.

"ಅವನಿಗ್ ಹೇಳಂಗಿಲ್ಲ. ಹೇಳಿದ್ರೆ ಅವತ್ತೇ ಎದೆ ಒಡ್ಕೊಂಡ್ ಹೋಗ್ತಾನೆ. ಅಲ್ಸರು ಅಂತ ಹೇಳಣ."

"ಅಪ್ಪಂಗೆ ಗೊತ್ತಾಗ್ಲೇಬೇಕು ಮಾವ," ಎಂದಳು ಮಗಳು.

"ನೀನ್ ಸುಮ್ನಿರಮ್ಮಿ. ನಿಂಗೇನ್ ಗೊತ್ತು? ಸಿಸ್ಟರಮ್ಮ, ನೀವೇ ಹೇಳಿ, ಎಷ್ಟ್ ಜನಾನ್ ನೋಡಿದ್ದೀರಾ. ಇಂಥದ್ದೆಲ್ಲಾ ಯಾರಾದ್ರೂ ಹೇಳ್ತಾರಾ?"

ಯಾರೂ ಹೇಳುವುದಿಲ್ಲ. ಅದು ನಿಜ. ಮೂವತ್ತನಾಲ್ಕು ವರ್ಷ ನಾನೂ ಹಾಗೆಯೇ ಮಾಡಿದ್ದೆ. ರೋಗಿ ಮಂಚದ ಮೇಲೆ ಕಣ್ಣುಬಿಟ್ಟುಕೊಂಡು ಮಲಗಿರುವಾಗ, ಅವನ ತಲೆಯ ಮೇಲಿಂದ ಫೈಲನ್ನು ಮಗನ ಕೈಗೆ, ಅಳಿಯನ ಕೈಗೆ ದಾಟಿಸಿದ್ದೆ. ಅದನ್ನು ಕರುಣೆ ಎಂದು ಕರೆದುಕೊಂಡಿದ್ದೆವು. ಆ ಸಂಜೆಯೂ ಅಭ್ಯಾಸಬಲದಿಂದ ತಲೆಯಾಡಿಸಿದೆ.

ವಾರದ ಮೇಲೆ ಕ್ಯಾನ್ಸರ್ ವೈದ್ಯರನ್ನು ನೋಡಲು ಹೋದೆವು. ಅವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಮಗಳು, ಭಾವಮೈದ, ನಾನು ಒಳಗೆ ಹೋದೆವು. ವೈದ್ಯರು ಚಿಕ್ಕ ವಯಸ್ಸಿನವರು, ಸುತ್ತಿಬಳಸಿ ಮಾತಾಡಲಿಲ್ಲ. ಪೂರ್ತಿ ಗುಣವಾಗುವ ಕಾಲ ಮುಗಿದಿದೆ, ಆದರೆ ಬದುಕುವ ಕಾಲ ಮುಗಿದಿಲ್ಲ ಎಂದರು. ಎಷ್ಟು ದಿನ ಎಂದು ಮಗಳು ಕೇಳಿದಳು. ಅಂಕಿ ಹೇಳಲು ಅವರು ಒಪ್ಪಲಿಲ್ಲ. ಕೆಲವು ವಿಷಯಗಳ ಮೇಲೆ ನಿಂತಿದೆ ಎಂದು ಬಿಡಿಸಿ ಹೇಳಿದರು. ಶ್ವಾಸಕೋಶ ಬಿಟ್ಟರೆ ಪಿತ್ತಜನಕಾಂಗಕ್ಕಾಗಲಿ ಹೊಟ್ಟೆಯ ಪೊರೆಗಾಗಲಿ ಹೋದಂತೆ ಕಾಣುತ್ತಿಲ್ಲ, ಅದು ಒಳ್ಳೆಯದು. ಗಡ್ಡೆಯ ಚೂರನ್ನು ಇನ್ನೊಂದು ಪರೀಕ್ಷೆಗೆ ಕಳಿಸಬೇಕು. ಅದರಲ್ಲಿ ಒಂದು ಬಗೆಯ ಪ್ರೋಟೀನು ಹೆಚ್ಚಿದ್ದರೆ ಕೀಮೋ ಜೊತೆಗೆ ಇನ್ನೊಂದು ಔಷಧಿ ಸೇರಿಸಬಹುದು, ಅಂಥವರಿಗೆ ಕಾಲ ಹೆಚ್ಚು ಸಿಗುತ್ತದೆ. ಊಟ ಕಡಿಮೆಯಾಗಿ ಮೈ ಇನ್ನಷ್ಟು ಇಳಿಯಬಾರದು. ಕೊನೆಗೆ ಪೆನ್ನು ಕೆಳಗಿಟ್ಟು ಹೇಳಿದರು:

"ಎಲ್ಲಕ್ಕಿಂತ ಮುಖ್ಯ ಏನು ಗೊತ್ತಾ? ಪೇಷೆಂಟ್ ಇವತ್ತು ತಾವೇ ನಡ್ಕೊಂಡು ಬಂದಿದ್ದಾರೆ. ದಿನವೆಲ್ಲಾ ಕೆಲ್ಸ ಮಾಡ್ತಿದ್ದಾರೆ. ಈ ಶಕ್ತಿ ಇರೋವಾಗ್ಲೇ ಶುರು ಮಾಡ್ಬೇಕು. ಇದು ಹೋದ್ಮೇಲೆ ನನ್ನ ಹತ್ರ ಔಷಧಿ ಇದ್ರೂ ಕೊಡಕ್ಕಾಗಲ್ಲ. ಒಳಗೆ ಕರೀರಿ, ನಾನೇ ಮಾತಾಡ್ತೀನಿ. ಅವರ ಸಹಿ ಬೇಕು."

"ಎರಡ್ ದಿನ ಟೈಮ್ ಕೊಡಿ ಡಾಕ್ಟ್ರೇ," ಎಂದ ಭಾವಮೈದ. "ಮನೇಲ್ ಮಾತಾಡ್ಕೊಂಡು ಬರ್ತೀವಿ."

ಎರಡು ದಿನವಲ್ಲ, ಆರು ವಾರ. ಸಹಿ ಬೇಕೆಂದರೆ ಹೇಳಬೇಕು, ಹೇಳಬಾರದೆಂದರೆ ಸಹಿ ಇಲ್ಲ, ಸಹಿ ಇಲ್ಲದೆ ಔಷಧಿ ಇಲ್ಲ. ಈ ಗಂಟಿನಲ್ಲಿ ಸಿಕ್ಕಿಕೊಂಡ ಮನೆಯವರಿಗೆ ಭಾವಮೈದನೇ ಒಂದು ದಾರಿ ತೋರಿಸಿದ. ಶಿವಗಂಗೆಯ ಕಡೆ ಬೇರು ಅರೆದು ಕೊಡುವವನೊಬ್ಬನಿದ್ದಾನಂತೆ. ರೋಗಿ ಏನನ್ನೂ ಕೇಳುವಂತಿಲ್ಲ, ಸಹಿಯೂ ಬೇಡ. ಪಥ್ಯ ಮಾತ್ರ ಕಟ್ಟುನಿಟ್ಟು: ಉಪ್ಪಿಲ್ಲ, ಮೊಟ್ಟೆಯಿಲ್ಲ, ಬೇಳೆಯಿಲ್ಲ, ಮೂರು ಹೊತ್ತೂ ನೀರು ಗಂಜಿ. ಮೈ ಇಳಿಯಬಾರದು ಎಂದು ವೈದ್ಯರು ಹೇಳಿದ ಮನುಷ್ಯನಿಗೆ ಗಂಜಿನೀರು! ನಾನು ಕೂಗಾಡಿದೆ. ಹೆಂಡತಿ ನನ್ನ ಕೈ ಹಿಡಿದುಕೊಂಡು ಅತ್ತಳು. "ನೀವ್ ಬೇಡ ಅಂತ ಹೇಳಿದ್ರೆ ಅವ್ರು ಯಾಕೆ ಅಂತ ಕೇಳ್ತಾರೆ ಸಿಸ್ಟರಮ್ಮ. ಆಮೇಲೆ ಎಲ್ಲಾ ಹೊರಗ್ ಬಂದ್ಬಿಡ್ತದೆ." ಅವಳ ಅಳುವಿಗೆ ನಾನು ಬಾಯಿ ಮುಚ್ಚಿಕೊಂಡೆ. ಅಳುವ ಹೆಂಗಸರ ಮುಂದೆ ಕರಗಬಾರದೆಂದು ಎಷ್ಟು ಜನ ಕಿರಿಯ ನರ್ಸುಗಳಿಗೆ ಪಾಠ ಹೇಳಿದ್ದೆನೋ.

ಆ ದಿನಗಳಲ್ಲೇ ಒಮ್ಮೆ ಅವನು ಕೇಳಿದ. ನಾನು ಬಟ್ಟೆ ಒಣಹಾಕುತ್ತಿದ್ದೆ. ಹಿತ್ತಲಿನ ಮೋಟುಗೋಡೆಯ ಮೇಲೆ ಗಲ್ಲವೂರಿ ನಿಂತ.

"ಸಿಸ್ಟರಮ್ಮ, ನೀವ್ ಸುಳ್ಳ್ ಹೇಳೋರಲ್ಲ. ನಂಗೇನಾಗದೆ?"

ಕ್ಲಿಪ್ಪು ಸಿಕ್ಕಿಸಿ, ತಿರುಗದೆಯೇ ಹೇಳಿದೆ. "ಹುಣ್ಣು ಕಣಪ್ಪಾ. ದೊಡ್ಡ ಹುಣ್ಣು. ವಾಸಿಯಾಗ್ತದೆ."

"ಸರಿ ಬಿಡಿ," ಎಂದ. ಬೇರೇನೂ ಕೇಳಲಿಲ್ಲ. ಅಷ್ಟು ಬೇಗ ಒಪ್ಪಿಕೊಂಡನಲ್ಲ ಎಂದು ನನಗೆ ಸಮಾಧಾನವೇ ಆಯಿತು. ಆ ಸಮಾಧಾನವನ್ನು ನೆನೆದರೆ ಈಗ ಕೆನ್ನೆಗೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ನಾಲ್ಕು ಮಗ್ಗ ಎರಡಾದವು. ಎರಡು ಒಂದಾಯಿತು. ನಿಂತು ನೋಡುತ್ತಿದ್ದವನು ಸ್ಟೂಲ್ ಹಾಕಿಕೊಂಡ. ಒಂದು ಬೆಳಗ್ಗೆ ಆರೂವರೆಯಾಯಿತು, ಏಳಾಯಿತು, ಗೋಡೆಯ ಆಚೆ ಸದ್ದೇ ಇಲ್ಲ. ನಾನು ಹೋದೆ. ಹೆಂಡತಿ ನೀರಿಗೆ ಹೋಗಿದ್ದಳು, ಮಗಳು ಕೆಲಸಕ್ಕೆ ಹೊರಡುತ್ತಿದ್ದಳು. ಅವನು ಮಗ್ಗದ ಪಕ್ಕದ ಚಾಪೆಯ ಮೇಲೆ ಮಲಗಿದ್ದ. ಎದ್ದು ಕೂರಲು ಗೋಡೆ ಹಿಡಿಯಬೇಕಾಯಿತು. ಕೂತಮೇಲೆ ಉಸಿರಿಗೆ ಕಾದ. ನಾನು ಅವನ ಎದುರಿಗೆ ನೆಲದ ಮೇಲೆ ಕುಳಿತೆ.

"ಹುಣ್ಣಲ್ಲ ಕಣಪ್ಪಾ. ಕ್ಯಾನ್ಸರ್. ಶ್ವಾಸಕೋಶಕ್ಕೂ ಬಂದಿದೆ. ನಾನು ಸುಳ್ಳು ಹೇಳಿದೆ."

ಮಗಳು ಬಾಗಿಲಲ್ಲೇ ನಿಂತುಬಿಟ್ಟಳು. ಎದೆ ಒಡೆದುಕೊಳ್ಳುತ್ತಾನೆ ಎಂದಿದ್ದರಲ್ಲ, ಅವನು ಎದೆ ಒಡೆದುಕೊಳ್ಳಲಿಲ್ಲ. ನನ್ನನ್ನೇ ನೋಡಿದ.

"ಅದ್ ಗೊತ್ತು. ಆಸ್ಪತ್ರೇಲ್ ಬೆಂಚಿನ ಮೇಲೆ ಕೂರ್ಸಿದ್ರಲ್ಲ, ಎದುರ್ಗೇ ಬೋರ್ಡು. ಕನ್ನಡದಾಗೇ ಬರ್ದಿತ್ತು, ಮೊಳದುದ್ದ ಅಕ್ಷರ. ಓದಕ್ ಬರ್ತದೆ ನಂಗೆ."

"ಮತ್ತೆ ಯಾಕೆ ಸುಮ್ಮನಿದ್ದೆ?"

"ನೀವೆಲ್ಲಾ ಸುಮ್ನಿದ್ರಿ. ಮೂರ್ ಜನ ಒಳಗೋದ್ರಿ, ಬಂದು ಒಬ್ರೂ ಬಾಯ್ ಬಿಡ್ಲಿಲ್ಲ. ಮಾಡಕ್ಕೇನೂ ಇಲ್ಲ, ಅದಕ್ಕೇ ಅಲ್ಸರು ಅಂತಾರೆ ಅಂದ್ಕೊಂಡೆ. ನಿಮ್ಮನ್ನೂ ಕೇಳ್ದೆ. ಮಾಡೋದಿದ್ರೆ ಸಿಸ್ಟರಮ್ಮ ಬಿಡೋರಾ, ಅಂತ..."

"ಇತ್ತು," ಎಂದೆ. "ಮಾಡೋದಿತ್ತು." ವೈದ್ಯರು ಹೇಳಿದ್ದನ್ನೆಲ್ಲ ಹೇಳಿದೆ. ಪರೀಕ್ಷೆ, ಕೀಮೋ, ನಡೆದುಕೊಂಡು ಬಂದ ಶಕ್ತಿ, ಬೇಕಾಗಿದ್ದ ಸಹಿ. ಅವನು ಕೇಳಿಸಿಕೊಂಡ. ಅವನ ಕೆಳತುಟಿ ಅದುರುವುದನ್ನು ನಾನು ಅವತ್ತೇ ಮೊದಲು ನೋಡಿದ್ದು. ಅದು ಭಯವಲ್ಲ. ಅಷ್ಟು ಕೋಪ ಅವನಲ್ಲಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಭಾವಮೈದ ಬೇರಿನ ಪೊಟ್ಟಣ ಹಿಡಿದುಕೊಂಡು ಬಂದಾಗ, ಆ ಒಣಗಿದ ಗಂಟಲಿನಿಂದ ಹೊರಟ ಕೂಗು ನನ್ನ ಅಡುಗೆಮನೆಗೆ ಕೇಳಿಸಿತು.

"ನನ್ ಹೊಟ್ಟೆ ಕಣೋ ಅದು! ನಿಂದಾ? ನನ್ ಹೊಟ್ಟೇಲಿರೋದ್ ನಂಗ್ ಹೇಳಕ್ಕೆ ನಿನ್ ಅಪ್ಪಣೆ ಬೇಕೇನೋ?"

ಮಾರನೆಯ ದಿನವೇ ಆಸ್ಪತ್ರೆಗೆ ಹೋದೆವು. ಈ ಸಲ ಗಾಲಿಕುರ್ಚಿ. ಈ ಸಲ ಅವನೇ ಮೊದಲು ಒಳಗೆ. ಬಾಗಿಲಲ್ಲಿ ಮಗಳು ಬಗ್ಗಿ ಪಿಸುಗುಟ್ಟಿದಳು, "ಅಪ್ಪಾ, ಮನೇಲೆಲ್ಲಾ ಓಡಾಡ್ತೀನಿ ಅಂತ ಹೇಳು. ಪ್ಲೀಸ್." ಅದನ್ನು ನಾನೇ ಹೇಳಿಕೊಡಬೇಕೆಂದಿದ್ದೆ, ನಾಚಿಕೆಯಾಗಿ ಬಿಟ್ಟಿದ್ದೆ.

ವೈದ್ಯರು ಮೊದಲು ಅದನ್ನೇ ಕೇಳಿದರು. "ಬೆಳಗ್ಗಿಂದ ಸಂಜೆವರೆಗೆ ಎಷ್ಟು ಹೊತ್ತು ಮಲಗಿರ್ತೀರಾ?"

ಅವನು ಮಗಳನ್ನು ಒಮ್ಮೆ ನೋಡಿದ. "ಮುಕ್ಕಾಲ್ ಪಾಲು ಮಲ್ಗೇ ಇರ್ತೀನಿ ಸ್ವಾಮಿ. ಬಚ್ಚಲಿಗ್ ಹೋಗಕ್ಕೂ ಇವಳು ಹಿಡ್ಕೋಬೇಕು. ಇರೋದ್ನ ಹೇಳ್ತಾ ಇದೀನಿ, ನೀವೂ ಇರೋದ್ನೇ ಹೇಳಿ."

ವೈದ್ಯರು ಹೇಳಿದರು. ತೂಕ, ರಕ್ತದ ವರದಿ, ಉಸಿರು ಎಲ್ಲವನ್ನೂ ನೋಡಿ, ಈ ಸ್ಥಿತಿಯಲ್ಲಿ ಕೀಮೋ ಕೊಟ್ಟರೆ ರೋಗಕ್ಕಿಂತ ಮೊದಲು ಅದೇ ಕೊಲ್ಲುತ್ತದೆ ಎಂದರು. ಉಸಿರಾಟಕ್ಕೆ, ನೋವಿಗೆ ಔಷಧಿ ಕೊಡುತ್ತೇನೆ, ಚೆನ್ನಾಗಿ ಉಣ್ಣಿ, ಸ್ವಲ್ಪ ಚೇತರಿಸಿಕೊಂಡರೆ ಆಗ ನೋಡೋಣ ಎಂದರು. ಆ ಪ್ರೋಟೀನಿನ ಪರೀಕ್ಷೆಗೆ ಯಾರೂ ಒಪ್ಪಿಗೆ ಕೊಟ್ಟಿರಲೇ ಇಲ್ಲ. ಆ ಔಷಧಿ ಅವನಿಗೆ ಹಿಡಿಯುತ್ತಿತ್ತೋ ಇಲ್ಲವೋ ಎಂಬುದು ಈಗ ಯಾರಿಗೂ ಗೊತ್ತಿಲ್ಲ, ಎಂದಿಗೂ ಗೊತ್ತಾಗುವುದಿಲ್ಲ.

"ಆರು ವಾರದ ಹಿಂದೆ ಬಂದಿದ್ರೆ?" ಎಂದು ಅವನು ಕೇಳಿದ.

"ಅವತ್ತೇ ಶುರು ಮಾಡ್ತಿದ್ದೆ," ಎಂದರು ವೈದ್ಯರು.

ಆ ವೈದ್ಯರ ಮೇಲೂ ನನಗೆ ಸಿಟ್ಟಿದೆ. ಎರಡು ದಿನ ಟೈಮ್ ಕೊಡಿ ಎಂದಾಗ ಎದ್ದು ಬಾಗಿಲು ತೆಗೆದು ಬೆಂಚಿನ ಮೇಲಿದ್ದವನನ್ನು ಕೂಗಬಹುದಿತ್ತು. ಆದರೆ ಬಾಗಿಲಿಗೆ ಅವರಿಗಿಂತ ಹತ್ತಿರ ಕೂತಿದ್ದವಳು ನಾನು.

ಆಮೇಲೆ ಅವನು ಹತ್ತೊಂಬತ್ತು ದಿನ ಇದ್ದ. ಪಥ್ಯ ಎಸೆದು ಮೊಟ್ಟೆ, ಸಾರು, ಮೊಸರು, ಏನು ಇಳಿಯುತ್ತದೋ ಅದನ್ನು ಹೊತ್ತುಹೊತ್ತಿಗೆ ಕೊಟ್ಟೆವು. ಚೇತರಿಕೆ ಬರಲಿಲ್ಲ. ಮೈಗೆ ಒಂದು ಮಿತಿಯಿದೆ, ಅದನ್ನು ದಾಟಿದ ಮೇಲೆ ಮೊಟ್ಟೆಯೂ ಗಂಜಿಯೂ ಒಂದೇ. ಆ ದಿನಗಳಲ್ಲಿ ಅವನು ಹೆಂಡತಿಯ ಜೊತೆ ಎಷ್ಟು ಮಾತಾಡಿದನೆಂದರೆ, ಮೂವತ್ತು ವರ್ಷ ಮಗ್ಗದ ಸದ್ದಿನಲ್ಲಿ ಮಾತಾಡದೆ ಉಳಿದದ್ದೆಲ್ಲ ಗೋಡೆ ದಾಟಿ ನನಗೂ ಕೇಳಿಸುತ್ತಿತ್ತು. ಯಾವ ಮಗ್ಗವನ್ನು ಯಾರಿಗೆ ಕೊಡಬೇಕು, ಮಗಳು ಒಪ್ಪದ ಯಾವ ಸಂಬಂಧವನ್ನು ಒತ್ತಾಯ ಮಾಡಬಾರದು, ಎಲ್ಲ. ಒಮ್ಮೊಮ್ಮೆ ನಗುವೂ ಕೇಳಿಸುತ್ತಿತ್ತು. ಆ ಆರು ವಾರ ಗಂಡ ಹೆಂಡತಿ ಇಬ್ಬರೂ ಒಬ್ಬರಿಗೊಬ್ಬರು ಅಲ್ಸರ್ ನಾಟಕ ಆಡಿಕೊಂಡು ಕಳೆದಿದ್ದರು.

ನನ್ನ ಮೇಲೆ ಅವನು ಕೂಗಾಡಲಿಲ್ಲ. ಒಂದು ದಿನ ನಾನು ಬೆನ್ನಿಗೆ ದಿಂಬು ಇಡುತ್ತಿದ್ದಾಗ ಮಾತ್ರ, "ನೀವ್ ಹೇಳ್ಬೇಕಿತ್ತು ಸಿಸ್ಟರಮ್ಮ" ಎಂದ. ಆಮೇಲೆ ದಿಂಬು ಇನ್ನೂ ಸ್ವಲ್ಪ ಮೇಲಕ್ಕೆ ಎಂದ.

ಅವನು ತೀರಿಕೊಂಡ ಹನ್ನೊಂದನೆಯ ದಿನದ ಊಟಕ್ಕೆ ಹೋದೆ. ಎಲೆಯ ಮುಂದೆ ಕೂತಿದ್ದವರಲ್ಲಿ ಒಬ್ಬರು ದೊಡ್ಡದಾಗಿ ಹೇಳುತ್ತಿದ್ದರು, "ಪುಣ್ಯವಂತ. ಏನಾಗಿದೆ ಅಂತ ಗೊತ್ತಾಗ್ದಂಗೇ ಹೋದ." ನಾಲ್ಕಾರು ತಲೆಗಳು ಹೌದೆಂದು ಆಡಿದವು. ಭಾವಮೈದ ಬಕೆಟ್ ಹಿಡಿದು ಸಾರು ಬಡಿಸುತ್ತಿದ್ದ, ಅವನೂ ತಲೆಯಾಡಿಸಿದ. ನಾನು ಎದ್ದು ನಿಂತೆ. "ಅವನಿಗೆ ಗೊತ್ತಿತ್ತು. ಎಲ್ಲರಿಗಿಂತ ಮೊದಲು ಗೊತ್ತಿತ್ತು. ಬದುಕೋ ದಾರಿ ಇದೆ ಅನ್ನೋದೊಂದು ಗೊತ್ತಿರ್ಲಿಲ್ಲ. ಅದನ್ನ ಮುಚ್ಚಿಟ್ಟಿದ್ದು ನಾವು," ಎಂದೆ. "ಕೂತ್ಕೊಳ್ಳಿ ಸಿಸ್ಟರಮ್ಮ, ಎಲೆ ಮುಂದೆ ಏಳ್ಬಾರ್ದು" ಎಂದು ಯಾರೋ ಸೆರಗು ಜಗ್ಗಿದರು. ನಾನು ಕೂರಲಿಲ್ಲ. ಕೈ ತೊಳೆದು ಹಿತ್ತಲಿಗೆ ಹೋದೆ.

ಹೆಂಡತಿ ಅಲ್ಲಿ ಪಾತ್ರೆಗಳ ಮಧ್ಯೆ ಒಬ್ಬಳೇ ಕೂತಿದ್ದಳು. ಒಳಗೆ ನಾನು ಹೇಳಿದ್ದು ಅವಳಿಗೆ ಕೇಳಿಸಿತ್ತು. ಒಂದು ಪಾತ್ರೆಯನ್ನು ಪಕ್ಕಕ್ಕೆ ಸರಿಸಿ ಕೇಳಿದಳು, "ಅವತ್ತೇ ಶುರು ಮಾಡಿದ್ರೆ ಇರ್ತಿದ್ರಾ ಸಿಸ್ಟರಮ್ಮ? ಈಗ ಇರ್ತಿದ್ರಾ?"

"ಖಂಡಿತ ಅಂತ ಯಾರೂ ಹೇಳಕ್ಕಾಗಲ್ಲ," ಎಂದೆ. "ಔಷಧಿ ಹಿಡಿದಿದ್ರೆ, ಈಗ ಇರ್ತಿದ್ದ. ಇನ್ನೂ ಕೆಲವು ತಿಂಗಳು ಇರ್ತಿದ್ದ. ಅದಕ್ಕಿಂತ ಜಾಸ್ತಿಯೂ ಇದ್ದನೇನೋ."

ಅವಳು ಮುಖ ಎತ್ತಿದಳು. "ಇಲ್ಲ ಅಂತ ಒಂದ್ ಸುಳ್ಳಾದ್ರೂ ಹೇಳ್ಬಾರ್ದಿತ್ತಾ?"

"ಆಗ್ಲೇ ಒಂದು ಹೇಳಿದ್ದೀನಲ್ಲಮ್ಮ," ಎಂದೆ.